ಮೊದಲ ಹಿಟ್ಟು ಎಮ್ಮೆಗೆ

ಅಂಗಡಿಗಳ ತೂಕದ ಯಂತ್ರ ರಿಪೇರಿಗೆಂದು ಊರೂರು ಸುತ್ತುತ್ತಿದ್ದ ನನಗೆ ಗೋಧಿ ಆಗುತ್ತಿರಲಿಲ್ಲ. ಚೂರು ಹೊಟ್ಟೆಗೆ ಹೋದರೂ ಎರಡು ದಿನ ಹಾಸಿಗೆ. ಮಂಗಳವಾರಗಳಂದು ಹ್ಯಾಂಡ್‌ಪೋಸ್ಟಿನ ಮೆಸ್ಸಿನ ಅಕ್ಕನೇ ನನಗೆ ಗತಿ. ಬಡಿಸಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದರು. “ಮುದ್ದೆ ನುಂಗಿ, ನಾನಿವ್ನಿ” ಎನ್ನುವುದು ಅವರ ಮಾತು.

ಒಮ್ಮೆ ಆ ಮುದ್ದೆ ಉಂಡೇ ಹಾಸಿಗೆ ಹಿಡಿದೆ. ಮುಂದಿನ ವಾರ ಹೇಳಿದಾಗ ಅಕ್ಕ ಕೆರಳಿದರು.

“ನನ್ ರಾಗಿನಾ ದೂರ್ತೀರಾ?” ಎಂದವರು ತಟ್ಟನೆ ಹಣೆ ಚಚ್ಚಿಕೊಂಡರು. “ಅಯ್ಯೋ, ಮಿಲ್ಲಲ್ಲಿ ಗೋಧಿ ಬೀಸಿದ್ ಮ್ಯಾಲೆ ನನ್ ರಾಗಿ ಆಕಿದ್ರು ಕಣ್ರೀ!”

ಅವತ್ತು ಅನ್ನವಾಯಿತು. ಮರುವಾರ ಮತ್ತೆ ಮುದ್ದೆ ಬಂತು. ನಾನು ಮುಟ್ಟಲಿಲ್ಲ.

“ಎದರ್ಬ್ಯಾಡಿ. ಬೆಳಿಗ್ಗೆನೇ ಮಿಲ್ಲು ಗುಡಿಸ್ಸಿ, ಎಲ್ರಿಗಿಂತ ಮೊದ್ಲು ನನ್ ರಾಗಿ ಬೀಸ್ಸಿವ್ನಿ. ಮೊದ್ಲು ಬಿದ್ದ ಎಲ್ಡು ಸೇರು ಇಟ್ಟು ನಮ್ಮೆಮ್ಮೆಗೆ, ಆಮ್ಯಾಲಿಂದು ನಿಮ್ಗೆ.”

ಮೂರು ಮುದ್ದೆ ನುಂಗಿದೆ. ಏನೂ ಆಗಲಿಲ್ಲ.

ಆಮೇಲೆ ಪ್ರತಿ ಮಂಗಳವಾರ ನಾನು ಬಸ್ಸಿಳಿದು ಬರುವಷ್ಟರಲ್ಲಿ ಹಿತ್ತಿಲಲ್ಲಿ ಎಮ್ಮೆ ಕೂಗುತ್ತಿರುತ್ತಿತ್ತು. ಅಕ್ಕ ಬಾಗಿಲಿನಿಂದಲೇ ನಗುತ್ತಿದ್ದರು: “ಬಿರ್ರನೆ ಬನ್ರೀ, ನಿಮ್ ಪಂಕ್ತಿಯೋಳು ಆಗ್ಲೇ ಊಟಕ್ಕೆ ಕೂತವ್ಳೆ!”