ಮಡಿ ಔಟ್

ಟೆನಿಸ್ ಚೆಂಡಿನ ಹೊಸ ಡಬ್ಬಿಯ ಮುಚ್ಚಳ ಎಳೆದಾಗ ಬುಸ್ ಎಂದು ಗಾಳಿ ಹೊರಬರುತ್ತದಲ್ಲ, ಅದರ ಹಿಂದೆಯೇ ಒಂದು ವಾಸನೆ ಬರುತ್ತದೆ. ರಬ್ಬರು, ಅಂಟು, ಹೊಸ ಉಣ್ಣೆ ಎಲ್ಲ ಸೇರಿದ ವಾಸನೆ. ನಿಮಗೆ ಇಷ್ಟವೋ ಏನೋ, ನನಗಂತೂ ಅದು ಮೂಗಿಗೆ ಬಡಿದರೆ ಎದ್ದು ಆಚೆ ಹೋಗೋಣ ಅನ್ನಿಸುತ್ತದೆ. ಮೊನ್ನೆ ದಸರಾ ರಜದಲ್ಲಿ ನನ್ನ ತಂಗಿ ಉಷಾ ಅಂಥ ಒಂದು ಡಬ್ಬಿ ಹಿಡಿದು, ಎಂಟು ವರ್ಷದ ಮಗಳನ್ನೂ ಕರೆದುಕೊಂಡು, ಬಸವನಗುಡಿಯ ನಮ್ಮ ಫ್ಲ್ಯಾಟಿಗೆ ಬಂದಳು. ನನ್ನೆದುರಿಗೇ ಮುಚ್ಚಳ ಎಳೆದು, "ಅಣ್ಣ, ಇವಳಿಗೂ ನಿನ್ನ ಆಟಗಳನ್ನ ಹೇಳ್ಕೊಡು. ಕೋಚಿಂಗ್ ಕ್ಲಾಸಲ್ಲಿ ಬರೀ ಲೈನಲ್ಲಿ ನಿಲ್ಲಿಸ್ತಾರೆ, ಬೇಜಾರು ಅಂತಾಳೆ" ಎಂದಳು. ಆಮೇಲೆ ದನಿ ತಗ್ಗಿಸಿ, "ನನ್ನ ಥರ ಪುಕ್ಕಲಿ ಆಗೋದು ಬೇಡ" ಎಂದಳು.

ಆ ಕೊನೆಯ ಮಾತಿಗೆ ಉತ್ತರ ಕೊಡಬೇಕಾದವನು ನಾನು. ಹದಿನೇಳು ವರ್ಷದಿಂದ ಕೊಟ್ಟಿಲ್ಲ. ನಿಮಗೆ ಹೇಳುತ್ತೇನೆ. ನೀವು ನನ್ನ ತಂಗಿಯಲ್ಲವಲ್ಲ, ನಿಮಗೆ ಹೇಳುವುದು ಸುಲಭ.

ನಾವು ಆಗ ಶಂಕರಪುರದ ಒಂದು ವಠಾರದಲ್ಲಿದ್ದೆವು. ನಾಲ್ಕು ಮನೆ, ನಡುವೆ ಚಪ್ಪಡಿ ಹಾಸಿದ ಅಂಗಳ, ಮೂಲೆಯಲ್ಲಿ ಮುಚ್ಚಿದ ಬಾವಿ. ನನಗೆ ಇಪ್ಪತ್ತೆರಡು, ಉಷಾಗೆ ಹನ್ನೊಂದು. ಕಾಲೇಜಿನಲ್ಲಿದ್ದಾಗ ಮೂರು ತಿಂಗಳು ಟೆನಿಸ್ ಆಡಿ, ಉಬ್ಬಸ ಜಾಸ್ತಿಯಾಗಿ ಬಿಟ್ಟವನು ನಾನು. ಮೂರು ತಿಂಗಳ ವಿದ್ಯೆ ಆಡುವುದಕ್ಕೆ ಸಾಲದು, ಕಲಿಸುವುದಕ್ಕೆ ಮಾತ್ರ ಧಾರಾಳ ಸಾಕು. ಎರಡು ಹಳೇ ಮರದ ರಾಕೆಟ್ಟು ಎಲ್ಲಿಂದಲೋ ತಂದೆ. ಕಂಬಕ್ಕೂ ಪಾರಿಜಾತದ ಗಿಡಕ್ಕೂ ಹಗ್ಗ ಕಟ್ಟಿ, ಅಪ್ಪನ ಹಳೇ ಪಂಚೆ ಹಾಕಿದರೆ ಅದೇ ನೆಟ್ಟು.

ಪುಸ್ತಕದ ಪಾಠ ನನಗೆ ಬರುತ್ತಿರಲಿಲ್ಲ. ಅದಕ್ಕೇ ಆಟ ಕಟ್ಟಿದೆ. ಅಮ್ಮನ ರಂಗೋಲಿ ಡಬ್ಬಿ ಕದ್ದು ಅಂಗಳದಲ್ಲಿ ಚೌಕ ಬರೆಯುತ್ತಿದ್ದೆ, ಚೆಂಡು ಅದರೊಳಗೇ ಬೀಳಬೇಕು. ಚೆಂಡು ರಾಕೆಟ್ಟಿಗೆ ತಾಗುವ ಹೊತ್ತಿಗೆ ಸರಿಯಾಗಿ ಒಂದು ತಿಂಡಿಯ ಹೆಸರು ಕೂಗಬೇಕು, ಹೇಳಿದ್ದನ್ನೇ ಮತ್ತೆ ಹೇಳುವ ಹಾಗಿಲ್ಲ. ಇಡ್ಲಿ, ಚಕ್ಕುಲಿ, ಒಬ್ಬಟ್ಟು ಎಂದು ಶುರುವಾಗಿ, ಮೂವತ್ತು ದಾಟಿದ ಮೇಲೆ ಉಷಾ "ಮೆಂತ್ಯದ ಗೊಜ್ಜು" ಎಂದು ಒದರುವಾಗ ಇಡೀ ವಠಾರ ನಗುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ನೂರರ ಆಟ. ಇಬ್ಬರೂ ಸೇರಿ ಚೆಂಡು ಕೆಡವದೆ ನೂರು ಸಲ ದಾಟಿಸಬೇಕು. ನೂರಾದರೆ ಬೇಕರಿಯ ಒಂದು ಖಾರಾ ಬನ್ನು, ಅರ್ಧ ಅವಳಿಗೆ, ಅರ್ಧ ನನಗೆ. ಎಷ್ಟು ಖಾರಾ ಬನ್ನು ತಿಂದೆವು ಅಂತೀರಿ! ಆ ಹುಡುಗಿಯ ಕೈ ಅಷ್ಟು ಚೆನ್ನಾಗಿತ್ತು. ಹೇಳಿದ ಕಡೆ ಚೆಂಡು ಇಡುತ್ತಿದ್ದಳು.

ಇನ್ನು ಕಮಲಮ್ಮನವರ ಸೀರೆಯ ವಿಷಯ. ನಾನು ನಿಲ್ಲುತ್ತಿದ್ದ ಕಡೆ, ನನ್ನ ಬೆನ್ನ ಹಿಂದೆ, ಪಕ್ಕದ ಮನೆಯ ಕಮಲಮ್ಮನವರು ಮಡಿ ಸೀರೆ ಒಣಹಾಕುತ್ತಿದ್ದರು. ಪಾಪ, ಅವರು ನಮಗೆ ಒಂದು ದಿನವೂ ಗದರಿದವರಲ್ಲ. "ಆಡ್ಕೊಳಿ ಮಕ್ಕಳೇ. ಸೀರೆಗೆ ಮಾತ್ರ ಚೆಂಡು ತಗುಲದ ಹಾಗೆ ನೋಡ್ಕೊಳಿ, ಮತ್ತೆ ಒಗೆಯೋಕೆ ನನ್ನ ಕೈಲಾಗಲ್ಲ" ಎಂದಿದ್ದರು, ಅಷ್ಟೆ. ಹಾಗಾಗಿ ನನ್ನನ್ನು ದಾಟಿ ಹಿಂದಕ್ಕೆ ಹೋದ ಚೆಂಡು 'ಮಡಿ ಔಟ್'. ಎಣಿಕೆ ಮತ್ತೆ ಒಂದರಿಂದ. "ಮೆಲ್ಲಗೆ ಕಣೇ, ಮೆಲ್ಲಗೆ" ಎಂದು ನಾನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ ಲೆಕ್ಕವಿಲ್ಲ.

ಇಲ್ಲಿಯವರೆಗೆ ನಾನು ಒಳ್ಳೆಯ ಅಣ್ಣನೇ. ಇಲ್ಲಿಗೇ ನಿಲ್ಲಿಸಿದರೆ ನೀವೂ ಹಾಗೇ ಅಂದುಕೊಳ್ಳುತ್ತೀರಿ.

ಎರಡನೆಯ ವರ್ಷದಲ್ಲಿ ಅವಳ ತೋಳಿಗೆ ಬಲ ಬಂತು. ಒಂದು ಸಂಜೆ ಅರವತ್ತೋ ಅರವತ್ತೈದೋ ಆಗಿತ್ತು, ನಾನು ಎಡಕ್ಕೆ ವಾಲಿ ಏದುಸಿರು ಬಿಡುತ್ತಿದ್ದೆ. ಅವಳಿಗೆ ಏನನ್ನಿಸಿತೋ, ಬಲಕ್ಕೆ ಬೀಸಿ ಹೊಡೆದಳು. ಚೆಂಡು ನನಗೆ ಕಾಣಿಸಲೇ ಇಲ್ಲ. ಹಿಂದಿನ ಗೋಡೆಗೆ ಬಡಿದ ಸದ್ದು ಮಾತ್ರ ಕೇಳಿತು. ಉಷಾ ರಾಕೆಟ್ಟನ್ನು ಮೇಲೆತ್ತಿ ಕುಣಿಯುತ್ತಿದ್ದಳು. ಬಾವಿ ಕಟ್ಟೆಯ ಮೇಲೆ ಕೂತಿದ್ದ ಅಪ್ಪ, "ಏನಯ್ಯಾ, ಗುರುವಿಗೇ ತಿರುಮಂತ್ರ ಹಾಕಿದಳಲ್ಲ!" ಎಂದು ಚಪ್ಪಾಳೆ ತಟ್ಟಿದರು.

"ಮಡಿ ಔಟ್" ಎಂದೆ.

"ಅಣ್ಣ, ಇವತ್ತು ಸೀರೆನೇ ಇಲ್ವಲ್ಲ" ಎಂದಳು.

ತಿರುಗಿ ನೋಡಿದೆ. ನಿಜ, ಕಮಲಮ್ಮನವರು ಮಗಳ ಮನೆಗೆ ಹೋಗಿದ್ದರು. ಸೀರೆ ಹರವುವ ಬಿದಿರಿನ ಗಳು ಬರಿದಾಗಿ ನೇತಾಡುತ್ತಿತ್ತು.

"ಸೀರೆ ಇರ್ಲಿ, ಬಿಡ್ಲಿ. ರೂಲ್ಸ್ ಅಂದ್ರೆ ರೂಲ್ಸು. ಹಾಗೆ ಜಂಬದಿಂದ ಹೊಡೆಯೋದಾದ್ರೆ ನಾನು ಆಡಲ್ಲ."

ಅವಳ ಮುಖ ಸಣ್ಣದಾಯಿತು. ಮುಂದಿನ ಚೆಂಡು ಸರಿಯಾಗಿ ನನ್ನ ಕೈಗೇ ಬಂತು. ಆಮೇಲೆ ಯಾವತ್ತೂ ಅವಳು ನನ್ನನ್ನು ದಾಟಿಸಿ ಹೊಡೆಯಲಿಲ್ಲ. ಉಬ್ಬಸದವನು ಓಡಲಾರ, ತಂಗಿಯ ಕೈಲಿ ಸೋಲಲೂ ಆರ. ಅಂಥವನು ಕಟ್ಟಿದ ಆಟಗಳು ಅವು ಎಂದು ನನಗೆ ಆವತ್ತೇ ಗೊತ್ತಾಗಿತ್ತು.

ಮರುವರ್ಷ ಮಲ್ಲೇಶ್ವರದ ಕಡೆ ಒಂದು ಕ್ಲಬ್ಬಿನಲ್ಲಿ ನಾಲ್ಕು ಹುಡುಗಿಯರನ್ನು ಆರಿಸಿ ಪುಕ್ಕಟೆ ಕಲಿಸುತ್ತಾರೆಂದು ತಿಳಿಯಿತು. ನಮ್ಮಂಥವರ ಮನೆಯಿಂದ ನಿಜವಾದ ಕೋರ್ಟಿಗೆ ಇದ್ದ ದಾರಿ ಅದೊಂದೇ. ಉಷಾ ಹಿಂದಿನ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಅವಳು ಚೆಂಡು ತಟ್ಟುವುದನ್ನು ನೋಡಿದ ಅಲ್ಲಿನ ಕೋಚು, ವಯಸ್ಸಾದವರು, "ಯಾರು ಕಲಿಸಿದ್ದು? ಕೈ ಬಹಳ ಚೆನ್ನಾಗಿದೆ" ಎಂದರು. ನಾನು ಉಬ್ಬಿಹೋದೆ.

ಚೆಂಡಿನ ಹೊಸ ಡಬ್ಬಿಯೊಂದನ್ನು ಬುಸ್ ಎಂದು ತೆರೆದು ಮ್ಯಾಚು ಶುರುಮಾಡಿದರು. ಎದುರಿನ ಹುಡುಗಿ ಎಡಕ್ಕೆ ಓಡಿದರೆ ಬಲಗಡೆ ಅರ್ಧ ಕೋರ್ಟು ಖಾಲಿ. ಉಷಾ ಆ ಖಾಲಿ ಜಾಗ ನೋಡುತ್ತಿದ್ದಳು, ನೋಡಿ ಚೆಂಡನ್ನು ತಂದು ಆ ಹುಡುಗಿಯ ರಾಕೆಟ್ಟಿಗೇ ಇಡುತ್ತಿದ್ದಳು. ಒಂದು ಸಲವಲ್ಲ, ಪ್ರತಿ ಸಲ. ಅವಳ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳೋ, ತಿಂಡಿಯ ಹೆಸರು ಹೇಳುತ್ತಿದ್ದಳೋ, ನಾನು ಕೇಳಲಿಲ್ಲ. ಅವಳು ಒಂದು ಗೇಮೂ ಗೆಲ್ಲಲಿಲ್ಲ. ಕೋಚು ನನ್ನ ಪಕ್ಕಕ್ಕೆ ಬಂದು, "ಈ ಮಗು ಮ್ಯಾಚ್ ಆಡ್ತಿಲ್ಲ ಸ್ವಾಮಿ, ಎದುರಿನವಳಿಗೆ ಪ್ರಾಕ್ಟೀಸ್ ಕೊಡ್ತಿದೆ" ಎಂದು ಬೇಸರದಿಂದ ಹೇಳಿ ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕೇಳಿದಳು, "ಅಣ್ಣ, ನಂಗೆ ಧೈರ್ಯ ಸಾಲದು, ಅಲ್ವಾ?"

ಇಲ್ಲ ಕಣೇ, ನಿನ್ನ ಧೈರ್ಯ ನಾನೇ ಕಿತ್ತುಕೊಂಡೆ ಎನ್ನಬೇಕಿತ್ತು. "ಹೂಂ. ಸ್ವಲ್ಪ ಧೈರ್ಯ ಬೇಕು" ಎಂದೆ.

ಆ ಒಂದು ಹೂಂ ಅವಳು ಇವತ್ತಿಗೂ ಬಿಟ್ಟಿಲ್ಲ. ರಾಕೆಟ್ಟನ್ನು ಅಟ್ಟಕ್ಕೆ ಹಾಕಿದಳು. ಆಮೇಲೆ ಕಾಲೇಜಿನಲ್ಲಿ ಭಾಷಣಕ್ಕೆ ಕರೆದರೆ "ನಾನು ಪುಕ್ಕಲಿ", ಆಫೀಸಿನಲ್ಲಿ ಪ್ರಮೋಷನ್ನಿನ ಇಂಟರ್ವ್ಯೂಗೆ ಹೋಗು ಎಂದರೆ "ನಾನು ಪುಕ್ಕಲಿ, ಅಣ್ಣನ್ನ ಕೇಳಿ". ನಗುನಗುತ್ತ ಹೇಳುತ್ತಾಳೆ. ಪಕ್ಕದಲ್ಲಿ ಕೂತು ನಾನೂ ನಗುತ್ತೇನೆ. ಇಂಥ ಹೇಡಿತನಕ್ಕೆ ಏನು ಹೆಸರೋ ನನಗೆ ತಿಳಿಯದು.

ಮೊನ್ನೆ ಡಬ್ಬಿ ಹಿಡಿದು ಕೆಳಗೆ ಪಾರ್ಕಿಂಗಿಗೆ ಇಳಿದಾಗ ನಾನು ಒಂದು ನಿರ್ಧಾರ ಮಾಡಿಕೊಂಡಿದ್ದೆ. ಈ ಮಗು ಎಲ್ಲಿಗೆ ಹೊಡೆದರೂ ಹೊಗಳಬೇಕು. ಆಟ ಮುಗಿದ ಮೇಲೆ ಉಷಾಗೆ ಎಲ್ಲ ಹೇಳಿಬಿಡಬೇಕು. ಸೀಮೆಸುಣ್ಣದಲ್ಲಿ ಚೌಕ ಬರೆದೆ, ತಿಂಡಿಯ ಆಟ ಹೇಳಿಕೊಟ್ಟೆ. ಪುಟ್ಟಿ ನೂಡಲ್ಸಿನಿಂದ ಶುರುಮಾಡಿದಳು. ಉಷಾ ಕಂಬಕ್ಕೆ ಒರಗಿ ಎಷ್ಟೋ ವರ್ಷದ ಮೇಲೆ ಬಾಯ್ತುಂಬ ನಗುತ್ತಿದ್ದಳು. ಆರನೆಯ ಚೆಂಡಿಗೆ ಪುಟ್ಟಿ "ಪಾನಿಪೂರಿ!" ಎಂದು ಕಿರುಚಿ, ಎರಡೂ ಕೈಯಲ್ಲಿ ಬೀಸಿದಳು. ಚೆಂಡು ನನ್ನ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ಕಬ್ಬಿಣದ ಗೇಟಿಗೆ ಬಡಿಯಿತು. ಪಾರ್ಕಿಂಗೆಲ್ಲ ಗುಂಯ್ ಎಂದಿತು. ಎಂಥ ಹೊಡೆತ! ಹೊಗಳಬೇಕೆಂದೇ ನಾನು ಬಾಯಿ ತೆರೆದದ್ದು, ದೇವರಾಣೆಗೂ.

"ಮೆಲ್ಲಗೆ ಪುಟ್ಟೀ, ಕಾರಿಗೆ ತಗುಲತ್ತೆ."

ಉಷಾ ನಗು ನಿಲ್ಲಿಸಿದಳು. ನನ್ನ ಬೆನ್ನ ಹಿಂದೆ ನೋಡಿದಳು. ರಜಕ್ಕೆ ಎಲ್ಲರೂ ಊರಿಗೆ ಹೋಗಿದ್ದರು, ಗೇಟಿನವರೆಗೂ ಬರೀ ಸಿಮೆಂಟಿನ ನೆಲ.

"ಅಣ್ಣ, ಕಾರೇ ಇಲ್ವಲ್ಲ" ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಹೇಳಬೇಕೆಂದಿದ್ದುದನ್ನು ಹೇಳುವ ಅಗತ್ಯ ಉಳಿಯಲಿಲ್ಲ.

"ಸಾರಿ ಮಾಮಾ" ಎಂದು ಪುಟ್ಟಿ ಇನ್ನೊಂದು ಚೆಂಡು ಹೊಡೆದಳು. ಅದು ಮೆಲ್ಲಗೆ ಬಂದು ಸರಿಯಾಗಿ ನನ್ನ ಕೈಗೇ ಬಿತ್ತು.