ಹೇಮಾಕ್ಷಿ ಕೇಳಿ ಪಡೆದ ಮೂರು ತಿಂಗಳು

ವಾಮಂಜೂರಿನ ಆ ಅನಾಥಾಲಯಕ್ಕೆ ಬಂದವರೆಲ್ಲ, ‘ಎಷ್ಟು ಗಲಾಟೆಯಿಲ್ಲದ ಮಕ್ಕಳು!’ ಎಂದು ಹೊಗಳಿ ಹೋಗುತ್ತಿದ್ದರು. ಅಲ್ಲಿ ಆಯಾ ಆಗಿದ್ದ ಹೇಮಾಕ್ಷಿಗೆ ಮಾತ್ರ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಬೀಡಿ ಕಟ್ಟಿ ತನ್ನಿಬ್ಬರು ಮಕ್ಕಳನ್ನು ಸಾಕಿದ ಹೆಂಗಸು ಅವಳು. ಎರಡು ವರ್ಷದ ಮಗು ಗಲಾಟೆ ಮಾಡದಿದ್ದರೆ ಏನೋ ಎಡವಟ್ಟಾಗಿದೆ ಎಂದು ತಿಳಿಯಲು ಅವಳಿಗೆ ಡಿಗ್ರಿ ಬೇಕಿರಲಿಲ್ಲ.

ಒಂದು ದಿನ ಪುಟ್ಟ ಪ್ರಣೀತಾ ಮೆಟ್ಟಿಲಿನಿಂದ ಬಿದ್ದಳು. ಮೊಣಕಾಲಿನಲ್ಲಿ ರಕ್ತ. ಅಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ, ತಾನೇ ಎದ್ದು ಗೋಡೆಗೆ ಒರಗಿ ನಿಂತಳು. ಹೇಮಾಕ್ಷಿ ಓಡಿಹೋಗಿ ಗಾಯ ತೊಳೆದಳು. ಅತ್ತರೆ ಯಾರಾದರೂ ಬರುತ್ತಾರೆ ಎಂಬ ನಂಬಿಕೆಯೇ ಆ ಮಗುವಿಗಿರಲಿಲ್ಲ.

ಇರುವುದಾದರೂ ಹೇಗೆ? ಮಕ್ಕಳು ಯಾರನ್ನೂ ಹಚ್ಚಿಕೊಳ್ಳಬಾರದೆಂದು ತಿಂಗಳಿಗೊಮ್ಮೆ ಆಯಾಗಳ ಕೋಣೆ ಬದಲಾಗುತ್ತಿತ್ತು. ರಜೆಗೆ ಹೋಗುವವರು ಮಕ್ಕಳ ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ಜಾರಿಕೊಳ್ಳಬೇಕು. ಇದು ಮೇಲ್ವಿಚಾರಕಿ ಗೆರ್ಟ್ರೂಡ್ ಅವರ ಕಟ್ಟಪ್ಪಣೆ. ಅವರೇನೂ ಕಲ್ಲೆದೆಯವರಲ್ಲ. ಕೆಲಸ ಬಿಟ್ಟುಹೋದ ಆಯಾಗಳಿಗಾಗಿ ಮಕ್ಕಳು ಜ್ವರ ಬರುವಷ್ಟು ಅತ್ತದ್ದನ್ನು ಕಣ್ಣಾರೆ ಕಂಡವರು.

ಹೇಮಾಕ್ಷಿ ನೇರವಾಗಿ ಅವರ ಮುಂದೆ ಹೋಗಿ ನಿಂತಳು. “ಪ್ರಣೀತಾ ಸೇರಿ ನಾಲ್ಕು ಮಕ್ಕಳನ್ನು ನನಗೇ ಬಿಡಿ ಮೇಡಂ. ಸ್ನಾನ, ಊಟ, ನಿದ್ರೆ ಎಲ್ಲ ನಾನೇ ನೋಡಿಕೊಳ್ತೇನೆ.”

“ನಾಳೆ ನೀನೂ ಬಿಟ್ಟು ಹೋದರೆ ಎಂತ ಮಾಡುವುದು?”

“ಅವರು ಶಾಲೆಗೆ ಸೇರುವವರೆಗೆ ನಾನು ಎಲ್ಲಿಗೂ ಹೋಗುದಿಲ್ಲ.”

ಗೆರ್ಟ್ರೂಡ್ ಒಲ್ಲದ ಮನಸ್ಸಿನಿಂದ ಮೂರು ತಿಂಗಳು ಕೊಟ್ಟರು. ಪ್ರಣೀತಾ ಬದಲಾಗದಿದ್ದರೆ ಮತ್ತೆ ಹಳೆಯ ಕ್ರಮವೇ.

ಅಂದಿನಿಂದ ಪ್ರತಿ ಶನಿವಾರ ಸಂಜೆ ಹೇಮಾಕ್ಷಿ ಒಂದೊಂದು ಮಗುವಿನ ಮುಂದೆಯೂ ಕುಕ್ಕರಗಾಲಿನಲ್ಲಿ ಕೂತು, “ಮನೆಗೆ ಹೋಗ್ತೇನೆ, ನಾಳೆ ಸಂಜೆ ಬರ್ತೇನೆ” ಎಂದು ಹೇಳಿಯೇ ಮುಂಬಾಗಿಲಿನಿಂದ ಹೊರಡುತ್ತಿದ್ದಳು. ಹೇಳಿದ ಹೊತ್ತಿಗೆ ತಪ್ಪದೆ ಬರುತ್ತಿದ್ದಳು. ಉಳಿದ ಆಯಾಗಳು ಮುಸಿಮುಸಿ ನಕ್ಕರು. ಮೂರು ಮಕ್ಕಳು ಬೇಗನೆ ಅವಳ ಸೊಂಟ ಏರಿದವು. ಪ್ರಣೀತಾ ಮಾತ್ರ ಹನ್ನೊಂದು ವಾರ ಕಳೆದರೂ ಜಪ್ಪಯ್ಯ ಎನ್ನಲಿಲ್ಲ. ಹೇಮಾಕ್ಷಿಯೂ ಬಿಡಲಿಲ್ಲ. ಹಟವೆಂದರೆ ಹೀಗಿರಬೇಕು ನೋಡಿ.

ಹನ್ನೆರಡನೆಯ ಶನಿವಾರ, ಹೊರಟವಳ ಸೆರಗು ಹಿಡಿದು ಪ್ರಣೀತಾ ಕಟ್ಟಡವೇ ಅದುರುವಂತೆ ಕಿರುಚಿ ಅತ್ತಳು.

ಗೆರ್ಟ್ರೂಡ್ ಓಡಿ ಬಂದರು. “ನೋಡು, ಇದಕ್ಕೇ ನಾನು ಬೇಡ ಹೇಳಿದ್ದು!”

“ಅಳಲಿ ಮೇಡಂ,” ಎಂದಳು ಹೇಮಾಕ್ಷಿ. ಅವಳ ಕಣ್ಣಲ್ಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. “ನಾನು ಬೇಕು ಅಂತ ಅವಳಿಗೆ ಕಂಡಿತಲ್ಲ.”

ಮರುದಿನ ಸಂಜೆ ಅವಳು ಬಂದಾಗ ಪ್ರಣೀತಾ ಗೇಟಿನ ಬಳಿ ಗೆರ್ಟ್ರೂಡ್ ಅವರ ತೋಳಲ್ಲಿದ್ದಳು. ಹೇಮಾಕ್ಷಿಯನ್ನು ಕಂಡದ್ದೇ ತಡ, ಎರಡೂ ಕೈಯಿಂದ ಅವಳಿಗೆ ಪಟಪಟನೆ ಹೊಡೆದಳು. ಆಮೇಲೆ ಕುತ್ತಿಗೆಗೆ ಜೋತುಬಿದ್ದು ಮುಖ ಹುದುಗಿಸಿದಳು.

“ಮಧ್ಯಾಹ್ನದಿಂದ ಇಲ್ಲೇ ಮಾರಾಯ್ತಿ, ಒಳಗೆ ಬರ್ಲಿಕ್ಕೆ ಕೇಳಲಿಲ್ಲ,” ಎಂದರು ಗೆರ್ಟ್ರೂಡ್. ಮಗುವಿನ ಬೆನ್ನು ಸವರುತ್ತ ಕೇಳಿದರು: “ಉಳಿದ ಮಕ್ಕಳಿಗೂ ಹೀಗೇ ಆಯಾಗಳಲ್ಲಿ ಯಾರು ಯಾರನ್ನು ಹಾಕುವ, ಹೇಳು.”