ತಾತನ ಪಾದಕ್ಕೆ ಹತ್ತಿದ ನೀಲಿ

ರಾಯದುರ್ಗದ ಕಡೆ ಗುರುಗಳನ್ನು ತಾತ ಎನ್ನುತ್ತಾರೆ. ವಯಸ್ಸು ಎಷ್ಟೇ ಇರಲಿ, ತಾತನೇ. ಮಡಕಶಿರದ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದು ನಗು ತರಿಸುತ್ತಿತ್ತು. ಆಮೇಲೆ ನನ್ನ ಬಾಯಿಗೂ ಅದೇ ಕೂತಿತು.

ತವರಿನಲ್ಲಿ ನಮ್ಮವ್ವನಿಗೆ ಗುರುಮಂತ್ರವಾಗಿತ್ತು. ಕಡಲೆಕಾಯಿ ಸುಲಿಯುತ್ತ ಕೂತರೆ ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು, ಬೆರಳು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. "ಏನವ್ವಾ ಅದು, ನಂಗೂ ಹೇಳ್ಕೊಡು" ಎಂದರೆ, "ನಾನು ಹೇಳ್ಕೊಡೋದಲ್ಲ ಕಣೇ ಅದು. ಗುರು ಕೊಡ್ಬೇಕು, ನೀನು ಇಸ್ಕಬೇಕು. ಸುಮ್ಕೆ ಕಾಯಿ ಸುಲಿ" ಎನ್ನುತ್ತಿದ್ದಳು. ಆ ಮುಖದ ನೆಮ್ಮದಿ ನನಗೂ ಬೇಕು ಎನ್ನುವ ಆಸೆ ಆಗಲೇ ಹುಟ್ಟಿತ್ತು.

ಮದುವೆಯಾದ ಮೇಲೆ ಗಂಡ ಹೆಂಡತಿ ಬಳ್ಳಾರಿಗೆ ಹೋಗಿ ಜೀನ್ಸ್ ಹೊಲಿದೆವು. ರಾಯದುರ್ಗದಲ್ಲೇ ಮನೆಮನೆಗೆ ಆ ಕೆಲಸ ಬಂದಾಗ ವಾಪಸಾಗಿ ಪಡಸಾಲೆಯಲ್ಲಿ ಮಷೀನ್ ಹಾಕಿಕೊಂಡೆವು. ಕತ್ತರಿಸಿದ ಬಟ್ಟೆ ಗಂಟು ಕಟ್ಟಿಕೊಂಡು ಬರುತ್ತದೆ, ಹೊಲಿದ ಪ್ಯಾಂಟು ಹೋಗುತ್ತದೆ. ಅದನ್ನು ಒಗೆದು ಬಣ್ಣ ಇಳಿಸುವುದು ಬೇರೆಯವರ ಕೆಲಸ. ಎಷ್ಟು ಗಂಟು ಬಟ್ಟೆ ಬಂದು ಹೋದರೂ ನಮ್ಮ ಮನೆಯಲ್ಲಿ ಅದು ಎಂದೂ ನೀರು ಕಂಡದ್ದಿಲ್ಲ. ಒಣಬಟ್ಟೆಯ ನೀಲಿ ಮಾತ್ರ ಕೈಗೆ ಹತ್ತುತ್ತದೆ. ಉಗುರಿನ ಸಂದಿಗೆ ಕೂತದ್ದು ಹಬ್ಬ ಬಂದರೂ ಹೋಗುವುದಿಲ್ಲ.

ಒಮ್ಮೆ, ಗಂಡನ ಮನೆಯವರು ನಡೆದುಕೊಳ್ಳುವ ತಾತ ಪಕ್ಕದ ಓಣಿಗೆ ಭಿಕ್ಷೆಗೆ ಬಂದರು. ಭಕ್ತರ ಮನೆಗೆ ಬಂದು, ಪಾದಪೂಜೆ ಮಾಡಿಸಿಕೊಂಡು, ಉಂಡು ಹೋಗುವುದಕ್ಕೆ ಭಿಕ್ಷೆ ಎನ್ನುತ್ತೇವೆ. ಕಾಲಿಗೆ ಬಿದ್ದು ಕೇಳಿಯೇಬಿಟ್ಟೆ: "ತಾತಾ, ನಂಗೂ ಮಂತ್ರ ಕೊಡ್ರೀ." ಅವರು ನನ್ನನ್ನೇ ನೋಡಿದರು. ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದೆ.

"ಕೊಡಾನಂತ ತಾಯಿ. ಬರೋ ವರ್ಷ ನಿಮ್ಮನಿಗೇ ಉಣ್ಣಾಕ ಬರ್ತೀನಿ. ಅಷ್ಟರಾಗ ಒಂದೀಟು ಸಡ್ಲ ಆಗು. ಬಾಳ ಬಿಗೀಕಂಡೀಯಿ."

ಸಡಿಲ ಆಗುವುದು ಹೇಗೆ? ಯಾರನ್ನೂ ಕೇಳಲಿಲ್ಲ. ನನಗೆ ತಿಳಿದಂತೆ ತಯಾರಾದೆ. ಗುರುವಾರ ಉಪವಾಸ ಹಿಡಿದೆ. ಬೆಳಕು ಹರಿಯುವ ಮುಂಚೆ ತಣ್ಣೀರು ಸ್ನಾನ. ದೇವರ ಮುಂದೆ ಕಣ್ಣು ಮುಚ್ಚಿ ಕೂತರೆ ಮಷೀನಿನ ಟಕಟಕವೇ ಕೇಳುತ್ತಿತ್ತು. ಅದಕ್ಕೆ ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚುತ್ತಿದ್ದೆ. ಹುಣಸೆಹಣ್ಣು, ನಿಂಬೆ ಸಿಪ್ಪೆ, ಬೂದಿ, ಎಲ್ಲದರಿಂದಲೂ ಕೈ ತಿಕ್ಕಿದೆ. ಚರ್ಮ ಉರಿಯಿತೇ ಹೊರತು ಉಗುರಿನ ನೀಲಿ ಜಗ್ಗಲಿಲ್ಲ.

ಅತ್ತೆ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಯವ್ವಾ ಮಡಕಶಿರದಾಕಿ, ತಾತ ಸಡ್ಲ ಆಗು ಅಂದ್ರ ನೀನು ಮತ್ತೀಟು ಬಿಗಿ ಆಗಾಕತ್ತೀಯಲ್ಲ. ಮಾರಿ ನೋಡ್ಕ ಕನ್ನಡ್ಯಾಗ, ಒಣಮೆಣಸಿನಕಾಯಿ ಆಗೇತಿ."

"ನಿಮಗೇನು ಗೊತ್ತಾಗ್ತೈತೆ ಅತ್ತೆ" ಎಂದು ನಾನು ಸಿಡುಕುತ್ತಿದ್ದೆ.

ಭಿಕ್ಷೆಯ ದಿನ ಹತ್ತಿರ ಬಂತು. ತಾತನ ಗದ್ದಿಗೆಗೆ ಹಾಸಲು ಅತ್ತೆ ಗುಮ್ಮಘಟ್ಟದ ಕುರುಬರ ಕರಿ ಕಂಬಳಿ ತೆಗೆದಿಟ್ಟಿದ್ದರು. ಸಂಪ್ರದಾಯವೂ ಅದೇ. ಆದರೆ ನನಗೆ ನನ್ನ ಕೈಯಿಂದಲೇ ಏನಾದರೂ ಕೊಡಬೇಕೆನ್ನಿಸಿತು. ಉಳಿದ ಜೀನ್ಸ್ ತುಂಡುಗಳಲ್ಲಿ ಹೊಚ್ಚ ಹೊಸದು, ಕಡುನೀಲಿಯದು ಆರಿಸಿ, ಒಳಗೆ ಹತ್ತಿ ತುಂಬಿ, ಅಂಚಿಗೆ ಹಳದಿ ದಾರದ ಜೋಡಿ ಹೊಲಿಗೆ ಹಾಕಿ ಗದ್ದಿಗೆ ಹೊಲಿದೆ. ಹೊಲಿಗೆ ಎಲ್ಲೂ ಸೊಟ್ಟ ಹೋಗಿರಲಿಲ್ಲ. ಕಂಬಳಿಯ ಮೇಲೆ ಇಟ್ಟು ನೋಡಿದರೆ ಅತ್ತೆಯೂ ಒಪ್ಪಿ ತಲೆಯಾಡಿಸಿದರು.

ತಾತ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಬಿಳಿ ವಸ್ತ್ರ. ಗದ್ದಿಗೆಯ ಅಂಚಿಗೆ ಕೂತು ತಟ್ಟೆಯಲ್ಲಿ ಪಾದ ಇಟ್ಟರು. ನೀರೆರೆದೆ, ಹಾಲೆರೆದೆ, ಮತ್ತೆ ನೀರೆರೆದೆ. ಕೈ ಕಾಣಬಾರದೆಂದು ಅವಸರವೋ ಅವಸರ. ಪಾದ ಸರಿಯಾಗಿ ಒರೆಸಲೂ ಇಲ್ಲ. ವಿಭೂತಿ ಹಚ್ಚಿ ಹೂವಿಟ್ಟ ಮೇಲೆ ತಾತ ಒದ್ದೆಗಾಲನ್ನು ಮೇಲೆ ಮಡಚಿಕೊಂಡು ನೆಟ್ಟಗೆ ಕೂತರು. ಭಜನೆ ನಡೆಯಿತು, ಮಂಗಳಾರತಿಯಾಯಿತು. ತೊಯ್ದ ಗದ್ದಿಗೆಯ ಮೇಲೆ ಕಾಲೂರಿ ಎದ್ದು, ಊಟಕ್ಕೆ ಒಳಗೆ ನಡೆದರು.

ಹಿಂದೆಯೇ ಹೊರಟಿದ್ದ ಅತ್ತೆ ನಿಂತುಬಿಟ್ಟರು. "ಅಯ್ಯೋ ದೇವುಡಾ!"

ನಾನು ತಿಕ್ಕಿ ತೊಳೆದ ಬಿಳಿ ನೆಲದ ಮೇಲೆ, ಪಡಸಾಲೆಯಿಂದ ಅಡುಗೆಮನೆಯವರೆಗೆ, ನೀಲಿ ಹೆಜ್ಜೆ. ಐದೂ ಬೆರಳು ಅಚ್ಚುಕಟ್ಟಾಗಿ ಮೂಡಿದ್ದವು. ತಾತನ ಪಂಚೆಯ ಹಿಂಭಾಗವೂ ನೀಲಿ. ವರ್ಷವಿಡೀ ಕಾದ ಮಂತ್ರ ಈ ನೀಲಿಯಲ್ಲೇ ಕೊಚ್ಚಿಹೋಯಿತು ಎಂದುಕೊಂಡೆ.

"ಜೀನ್ಸ್ ಹೊಲಿಯೋರ ಮನಿ ಅಂತಾರ, ಒಗೀಲಾರದ ಬಟ್ಟಿ ಬಣ್ಣ ಬಿಡ್ತತಿ ಅನ್ನಾದು ಒಬ್ಬರಿಗೂ ತಿಳೀಲಿಲ್ಲಲ್ಲ!" ಅತ್ತೆ ತಲೆ ಚಚ್ಚಿಕೊಂಡರು.

ತಾತ ತಿರುಗಿ ನೋಡಿದರು. ಗೋಡೆ ಹಿಡಿದುಕೊಂಡು ಒಂದು ಕಾಲೆತ್ತಿ ಅಂಗಾಲು ನೋಡಿಕೊಂಡರು. ಆಮೇಲೆ ಇನ್ನೊಂದು.

"ನೋಡವಾ, ಇಷ್ಟು ವರ್ಷ ಭಜನಿ ಮಾಡಿದ್ರೂ ನಾ ಕೃಷ್ಣ ಆಗ್ಲಿಲ್ಲ. ನಿನ್ನ ಜೀನ್ಸು ಒಂದು ಗಳಿಗ್ಯಾಗ ಮಾಡ್ತು."

"ತಾತಾ, ಪಂಚಿ..." ಎಂದರು ಅತ್ತೆ.

"ಪಂಚೀನೂ ಆತೇನು? ಹಂಗಾರ ಪೂರ್ತಿ ಕೃಷ್ಣನ ಬಿಡು."

ಅವರು ಹೊಟ್ಟೆ ಕುಣಿಸಿಕೊಂಡು ನಕ್ಕರು. ನನಗೆ ಅಳು ಬಂದಿತ್ತು, ಅದು ಗಂಟಲಿಗೆ ಬರುವಷ್ಟರಲ್ಲಿ ನಗುವಾಯಿತು. ನಕ್ಕೆ. ನಿಲ್ಲಿಸಲು ಆಗಲಿಲ್ಲ. ಸೆರಗು ಬಿಟ್ಟು ಎರಡೂ ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ತಾತ ಆ ಕೈಯನ್ನು ನೋಡಿ, ತಮ್ಮ ಅಂಗಾಲನ್ನು ಮತ್ತೆ ಎತ್ತಿ ತೋರಿಸಿದರು.

"ನಿನ್ನ ಉಗುರಿಂದೂ ಇದೇ ಬಣ್ಣ. ಯಾಕ ಮುಚ್ಚಿಟ್ಕಂತಿದ್ದಿ?"

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಈಗ ಬಾ, ಕುಂದ್ರು" ಎಂದರು.

"ತಾತಾ, ಹೋಳಿಗಿ ಆರತಾವು" ಎಂದರು ಅತ್ತೆ.

"ಆರ್ಲಿ ತಡಿಯವಾ. ಇದು ಬಿಸಿ ಐತಿ."

ಮಷೀನಿನ ಪಕ್ಕದಲ್ಲೇ ಕೂತೆ. ಕಣ್ಣು ಗಟ್ಟಿಯಾಗಿ ಮುಚ್ಚಲಿಲ್ಲ, ತಾನಾಗಿ ಮುಚ್ಚಿತು. ನಗು ಇನ್ನೂ ಹೊಟ್ಟೆಯಲ್ಲಿ ಇಷ್ಟಿಷ್ಟೇ ಉಳಿದಿತ್ತು. ತಾತ ಕಿವಿಯಲ್ಲಿ ಮಂತ್ರ ಹೇಳಿದರು. ನಮ್ಮವ್ವ ಹೇಳಿದ್ದು ಸರಿಯೇ ಇತ್ತು: ನಾನು ಮಾಡಬೇಕಾದ್ದು ಇಸಿದುಕೊಳ್ಳುವುದು ಮಾತ್ರ.

ಮರುವರ್ಷ ತಾತ ಬಂದಾಗ ಕಂಬಳಿ ಒಂದನ್ನೇ ಹಾಸಿದ್ದೆವು. "ನನ್ನ ನೀಲಿ ಗದ್ದಿಗಿ ಎಲ್ಲೈತಿ?" ಎಂದು ಅವರು ನಿಂತೇ ಇದ್ದರು. ಅತ್ತೆ ಒಳಗಿನಿಂದ ಅದನ್ನು ತಂದರು. ಅವರೇ ಒಗೆದು ಒಗೆದು, ಅದು ಬೆಳಗಿನ ಆಕಾಶದ ಬಣ್ಣಕ್ಕೆ ಬಂದಿತ್ತು.

"ಈ ಸರ್ತಿ ಬಿಡಂಗಿಲ್ಲೇನವಾ ಬಣ್ಣ?"

"ಬಿಡಾದೆಲ್ಲ ಬಿಟ್ಟೈತ್ರೀ ತಾತಾ. ಬಾಳ ನೀರು ಕುಡಿಸೀನಿ" ಎಂದರು ಅತ್ತೆ.

"ಛೇ" ಎಂದು ತಾತ ಕೂತರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ವಾರದ ಹೊಸ ನೀಲಿ ಹತ್ತಿದ ಕೈಯಿಂದಲೇ ಪಾದ ತೊಳೆದೆ.